ಮದ್ಯದ ತೆರಿಗೆ: ಔಷಧವೋ, ಆದಾಯವೋ?

ರಾಜ್ಯದ ಆಯವ್ಯಯ ಮಂಡನೆಯಾದ ಮರುದಿನ ಪತ್ರಿಕೆಗಳಲ್ಲಿ ‘ಮದ್ಯ ದುಬಾರಿ’ ಎಂಬ ಸಾಲು ಆಗಾಗ ಕಾಣಿಸಿಕೊಳ್ಳುವುದುಂಟು. ಕುಡಿಯದವರು ಅದನ್ನು ಓದಿ ಸಮಾಧಾನಪಡುತ್ತಾರೆ, ಕುಡಿಯುವವರು ಗೊಣಗುತ್ತಾರೆ. ಕುಡಿಯುವವನ ಮನೆಯಾಕೆ ಮಾತ್ರ ಏನೂ ಹೇಳದೆ ತಿಂಗಳ ಸಂತೆಯ ಲೆಕ್ಕವನ್ನು ಮತ್ತೊಮ್ಮೆ ಹಾಕುತ್ತಾಳೆ. ಬೆಲೆ ಏರಿದರೆ ಕುಡಿತ ಇಳಿಯುತ್ತದೆಯೇ? ಇಳಿದರೆ ಎಷ್ಟು, ಯಾರಲ್ಲಿ? ಹೆಚ್ಚಾದ ಹಣ ಯಾರ ಕೈಯಿಂದ ಹೊರಟು ಎಲ್ಲಿಗೆ ಸೇರುತ್ತದೆ? ಇವು ಕೇವಲ ಹಣಕಾಸಿನ ಪ್ರಶ್ನೆಗಳಲ್ಲ. ಯಕೃತ್ತು ಕೆಟ್ಟು ನಮ್ಮ ಬಳಿಗೆ ಬರುವ ರೋಗಿಯ ವ್ಯಾಧಿ ಮೊದಲಾದದ್ದು ಮದ್ಯದಂಗಡಿಯ ಮುಂದೆ. ಆ ಅಂಗಡಿಯ ಬೆಲೆಯಲ್ಲಿ ತೆರಿಗೆಯ ಪಾಲು ಬಹು ದೊಡ್ಡದು. ನಿದಾನವನ್ನು ಹುಡುಕುತ್ತ ಅಲ್ಲಿಯವರೆಗೂ ಹೋಗುವುದು ವೈದ್ಯರ ಕರ್ತವ್ಯವೇ ಆಗಿದೆಯೆಂದು ನಾವು ಭಾವಿಸುತ್ತೇವೆ.

ಶಾಸ್ತ್ರ ಕಂಡ ಮದ್ಯ

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯವು ಮದಾತ್ಯಯ ಚಿಕಿತ್ಸೆಗೆ ಮೀಸಲಾಗಿದೆ. ದೇಹವನ್ನು ಕಾಪಾಡುವ ಓಜಸ್ಸಿಗೆ ಹತ್ತು ಗುಣಗಳಿವೆ, ಮದ್ಯಕ್ಕೂ ಹತ್ತು ಗುಣಗಳಿವೆ. ಒಂದೊಂದೂ ಮತ್ತೊಂದಕ್ಕೆ ವಿರುದ್ಧವಾದುದು. ಮದ್ಯವು ಹೃದಯವನ್ನು ಹೊಕ್ಕು ಓಜಸ್ಸನ್ನು ಕದಡಿ ಮನಸ್ಸನ್ನು ಅಂಕೆ ತಪ್ಪಿಸುತ್ತದೆ ಎಂಬುದು ಆ ಅಧ್ಯಾಯದ ಸಾರ. “ಆಯುರ್ವೇದದಲ್ಲಿಯೇ ಮದ್ಯವಿದೆಯಲ್ಲವೇ?” ಎಂದು ಕೆಲವರು ನಮ್ಮನ್ನು ಕೇಳುವುದುಂಟು. ಶಾಸ್ತ್ರವು ಮದ್ಯದ ಮಾತನ್ನಾಡುವಾಗ ವಿಧಿ, ಮಾತ್ರೆ, ಕಾಲ, ಆಹಾರ, ಬಲ ಇವುಗಳ ಕಟ್ಟುಪಾಡನ್ನು ಕೂಡಿಯೇ ಹೇಳಿದೆ. ಹುದುಗಿ ತಾನಾಗಿ ಸಿದ್ಧವಾಗುವ ಆಸವ–ಅರಿಷ್ಟಗಳನ್ನು ಔಷಧಪ್ರಮಾಣದಲ್ಲಿ ಸೇವಿಸುವುದೂ, ಶೇಕಡಾ 42.8ರಷ್ಟು ಮದ್ಯಸಾರವಿರುವ ವಿಸ್ಕಿಯನ್ನು ಖಾಲಿ ಹೊಟ್ಟೆಯಲ್ಲಿ ಸುರಿದುಕೊಳ್ಳುವುದೂ ಒಂದೇ ಅಲ್ಲ.

ಆಧುನಿಕ ವೈದ್ಯವಿಜ್ಞಾನದ ತೀರ್ಪು ಇನ್ನೂ ನಿಷ್ಠುರವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲಿಯೇ ಮದ್ಯವನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 26 ಲಕ್ಷ ಸಾವುಗಳು ಮದ್ಯದಿಂದ ಸಂಭವಿಸಿದವೆಂದು ಆ ಸಂಸ್ಥೆ ಅಂದಾಜಿಸಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15 ವರ್ಷ ದಾಟಿದ ಪುರುಷರಲ್ಲಿ ಶೇಕಡಾ 19ರಷ್ಟು ಮಂದಿ, ಮಹಿಳೆಯರಲ್ಲಿ ಶೇಕಡಾ ಒಂದರಷ್ಟು ಮಂದಿ ಮದ್ಯ ಸೇವಿಸುತ್ತಾರೆ. ಕುಡಿಯುವವರು ಬಹುತೇಕ ಗಂಡಸರು. ಅದರ ಫಲವನ್ನು ಉಣ್ಣುವವರು ಇಡೀ ಮನೆಯವರು.

ಮದ್ಯದ ಮೇಲೆ ಪ್ರಭುತ್ವದ ಹಿಡಿತವೂ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಅಧ್ಯಾಯವೇ ಇದೆ. ಸುರೆಯು ಊರಿನಿಂದ ಹೊರಗೆ ಹೋಗಕೂಡದು, ನಡತೆ ಬಲ್ಲವರಿಗೆ ಮಾತ್ರ ಸ್ವಲ್ಪ ಸ್ವಲ್ಪವಾಗಿ ಮಾರಬೇಕು ಎಂಬ ನಿಯಮಗಳು ಅಲ್ಲಿವೆ. ಬೊಕ್ಕಸಕ್ಕೆ ಬರಬೇಕಾದ ಸುಂಕದ ಮಾತೂ ಅಲ್ಲಿದೆ. ಪ್ರಜೆಯ ಹಿತ, ಬೊಕ್ಕಸದ ಹಿತ ಇವೆರಡರ ಎಳೆದಾಟ ಅಂದಿನಿಂದಲೂ ನಡೆದುಬಂದಿದೆ.

ಸೀಸೆಯ ಬೆಲೆಯಲ್ಲಿ ಸೇರದ ವೆಚ್ಚ

ಒಬ್ಬನು ಒಂದು ಕ್ವಾರ್ಟರ್ ಮದ್ಯಕ್ಕೆ ಹಣ ಕೊಟ್ಟಾಗ ಆ ಬೆಲೆಯಲ್ಲಿ ತಯಾರಕನ ಖರ್ಚು, ಅಂಗಡಿಯವನ ಲಾಭ ಸೇರಿರುತ್ತವೆ. ಅವನು ಕುಡಿದು ಬೈಕು ಓಡಿಸಿ ದಾರಿಹೋಕನ ಕಾಲು ಮುರಿದರೆ ಆ ಖರ್ಚು ಅದರಲ್ಲಿ ಸೇರಿಲ್ಲ. ಮರುದಿನ ತಪ್ಪಿದ ಕೂಲಿ, ಹೆಂಡತಿಯ ಮೈಮೇಲಿನ ಬಾಸುಂಡೆ, ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋದ ಮಗ, ಸರ್ಕಾರಿ ಆಸ್ಪತ್ರೆಯ ಹಾಸಿಗೆ, ಪೊಲೀಸರ ಅಲೆದಾಟ ಇವು ಯಾವುವೂ ಸೀಸೆಯ ಚೀಟಿಯಲ್ಲಿ ಅಚ್ಚಾಗಿರುವುದಿಲ್ಲ. ಕೊಂಡವನು ಕೊಡದೆ ಉಳಿದವರು ತೆರುವ ಇಂತಹ ವೆಚ್ಚವನ್ನು ಅರ್ಥಶಾಸ್ತ್ರಜ್ಞರು ಬಾಹ್ಯ ವೆಚ್ಚವೆನ್ನುತ್ತಾರೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎ. ಸಿ. ಪಿಗೂ 1920ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಚಾರವನ್ನು ವಿಸ್ತರಿಸಿದರು. ಸಮಾಜಕ್ಕೆ ಹಾನಿ ತರುವ ವಸ್ತುವಿನ ಮೇಲೆ ಆ ಹಾನಿಗೆ ತಕ್ಕಷ್ಟು ತೆರಿಗೆ ಹಾಕಿದರೆ ಕೊಳ್ಳುವವನು ತನ್ನ ಕಾರ್ಯದ ಪೂರ್ಣ ಬೆಲೆಯನ್ನು ಅರಿತು ಕೊಳ್ಳುತ್ತಾನೆ ಎಂಬುದು ಅದರ ತಾತ್ಪರ್ಯ.

ನಮ್ಮಲ್ಲಿ ಆ ಹಾನಿಯ ಪ್ರಮಾಣವೆಷ್ಟು? ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 2003–04ರ ಸಾಲಿಗೆ ದೇಶಮಟ್ಟದ ಲೆಕ್ಕವನ್ನು ಹಾಕಿತು. ಮದ್ಯದಿಂದಾದ ನೇರ ಹಾಗೂ ಪರೋಕ್ಷ ವೆಚ್ಚ ಸುಮಾರು 24,400 ಕೋಟಿ ರೂಪಾಯಿ. ಅದೇ ಅವಧಿಯ ಅಬಕಾರಿ ಆದಾಯ ಸುಮಾರು 21,600 ಕೋಟಿ. ಅಂದರೆ ಒಂದು ಕೈಯಲ್ಲಿ ಪಡೆದುದಕ್ಕಿಂತ ಹೆಚ್ಚನ್ನು ಸಮಾಜ ಮತ್ತೊಂದು ಕೈಯಲ್ಲಿ ಕಳೆದುಕೊಂಡಿತು. ಮದ್ಯವು ಬೊಕ್ಕಸವನ್ನು ತುಂಬುತ್ತದೆಯೆಂಬ ಮಾತನ್ನು ಈ ಲೆಕ್ಕದ ಮುಂದಿಟ್ಟು ತೂಗಬೇಕು.

ಬೆಲೆ ಏರಿದರೆ ಕುಡಿತ ಇಳಿಯುವುದೇ?

“ಕುಡಿಯುವವನು ಸಾಲ ಮಾಡಿಯಾದರೂ ಕುಡಿಯುತ್ತಾನೆ, ಬೆಲೆ ಏರಿಸಿ ಏನು ಫಲ?” ಎಂಬ ಮಾತು ಊರೂರಲ್ಲಿ ಕೇಳಿಬರುತ್ತದೆ. ಇದು ಅರ್ಧ ಸತ್ಯ. ಬೆಲೆಯ ಏರಿಳಿತಕ್ಕೆ ಬೇಡಿಕೆ ಎಷ್ಟು ಮಣಿಯುತ್ತದೆ ಎಂಬುದನ್ನು ಬೇಡಿಕೆಯ ಸ್ಥಿತಿಸ್ಥಾಪಕತ್ವವೆಂದು ಕರೆಯುತ್ತಾರೆ. ಹಲವು ದೇಶಗಳ 112 ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯು ಒಂದು ಸರಾಸರಿಯನ್ನು ತೋರಿಸಿತು. ಮದ್ಯದ ಬೆಲೆ ಶೇಕಡಾ 10ರಷ್ಟು ಏರಿದರೆ ಒಟ್ಟು ಸೇವನೆ ಶೇಕಡಾ 5ರಷ್ಟು ಇಳಿಯುತ್ತದೆ. ಅತಿಯಾಗಿ ಕುಡಿಯುವವರಲ್ಲಿ ಆ ಇಳಿಕೆ ಶೇಕಡಾ 3ಕ್ಕಿಂತ ಕೊಂಚ ಕಡಿಮೆ. ಚಟಕ್ಕೆ ಬಿದ್ದವನೂ ಬೆಲೆಗೆ ಮಣಿಯುತ್ತಾನೆ, ಆದರೆ ಅರ್ಧದಷ್ಟು ಮಾತ್ರ. ಕುಡಿತವನ್ನು ಈಗಷ್ಟೇ ಕಲಿಯುತ್ತಿರುವ, ಕೈಯಲ್ಲಿ ಹಣವಿಲ್ಲದ ಯುವಕನು ಹೆಚ್ಚು ಮಣಿಯುತ್ತಾನೆ. ಆದುದರಿಂದ ಬೆಲೆಯೇರಿಕೆಯು ಹಳೆಯ ರೋಗಕ್ಕೆ ಮಂದವಾದ ಔಷಧ, ಹೊಸ ರೋಗಕ್ಕೆ ಒಳ್ಳೆಯ ತಡೆ.

ಸ್ಕಾಟ್ಲೆಂಡಿನ ಅನುಭವ ಇಲ್ಲಿ ಗಮನಾರ್ಹವಾದುದು. ಅಲ್ಲಿಯ ಸರ್ಕಾರವು 2018ರ ಮೇ 1ರಿಂದ ಮದ್ಯಸಾರದ ಪ್ರತಿ ಯೂನಿಟ್ಟಿಗೆ 50 ಪೆನ್ಸ್ ಎಂಬ ಕನಿಷ್ಠ ಬೆಲೆಯನ್ನು ಗೊತ್ತುಪಡಿಸಿತು. ಯೂನಿಟ್ ಎಂದರೆ 10 ಮಿಲಿಲೀಟರ್ ಶುದ್ಧ ಮದ್ಯಸಾರ. ಅತ್ಯಂತ ಅಗ್ಗವಾದ, ಅತ್ಯಂತ ತೀಕ್ಷ್ಣವಾದ ಮದ್ಯದ ಬೆಲೆ ಇದರಿಂದ ಮೇಲೇರಿತು. ಒಟ್ಟು ಮಾರಾಟದಲ್ಲಿ ಶೇಕಡಾ 3ರಷ್ಟು ಇಳಿಕೆಯಾಯಿತು. ಮದ್ಯವೇ ನೇರ ಕಾರಣವಾದ ಸಾವುಗಳು, ಈ ಕ್ರಮ ಇಲ್ಲದಿದ್ದರೆ ಆಗಬಹುದಾಗಿದ್ದ ಸಂಖ್ಯೆಗಿಂತ ಶೇಕಡಾ 13ರಷ್ಟು ಕಡಿಮೆಯಾದವೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅಲ್ಪ ಇಳಿಕೆಯೂ ಸರಿಯಾದ ಜಾಗದಲ್ಲಿ ಆದರೆ ಪ್ರಾಣ ಉಳಿಯುತ್ತದೆ. ಆದರೆ ತೀವ್ರ ಅವಲಂಬನೆಯುಳ್ಳ ಕೆಲವರು ಕುಡಿತವನ್ನು ಬಿಡದೆ ಊಟದ ಖರ್ಚನ್ನೇ ಕಡಿತಗೊಳಿಸಿದರೆಂಬುದನ್ನೂ ಅಲ್ಲಿಯ ಮೌಲ್ಯಮಾಪನವು ಮುಚ್ಚಿಡಲಿಲ್ಲ.

ಒಂದು ಮನೆಯ ಲೆಕ್ಕ

ಈ ಸಂಗತಿಯನ್ನು ನಮ್ಮ ಊರಿನ ಒಂದು ಮನೆಗೆ ಅನ್ವಯಿಸಿ ನೋಡೋಣ. ಒಂದು ಕ್ವಾರ್ಟರಿನ ಬೆಲೆ 80 ರೂಪಾಯಿ ಎಂದಿಟ್ಟುಕೊಳ್ಳೋಣ. ತೆರಿಗೆಯಿಂದ ಅದು ಶೇಕಡಾ 20ರಷ್ಟು ಏರಿ 96 ರೂಪಾಯಿ ಆಯಿತು.

ತಿಂಗಳಿಗೆ 10 ಕ್ವಾರ್ಟರ್ ಕುಡಿಯುವವನು ಮೇಲಿನ ಸರಾಸರಿಯಂತೆ 9ಕ್ಕೆ ಇಳಿಯುತ್ತಾನೆ. ಅವನ ಖರ್ಚು 800ರಿಂದ 864ಕ್ಕೆ ಏರುತ್ತದೆ. ದಿನಕ್ಕೊಂದರಂತೆ 30 ಕ್ವಾರ್ಟರ್ ಕುಡಿಯುವವನು 28ಕ್ಕೆ ಇಳಿಯುತ್ತಾನೆ. ಅವನ ಖರ್ಚು 2,400ರಿಂದ 2,688ಕ್ಕೆ ಏರುತ್ತದೆ. ದೇಹಕ್ಕೆ ಸೇರುವ ವಿಷ ಇಬ್ಬರಲ್ಲಿಯೂ ಕಡಿಮೆಯಾಯಿತು. ಮನೆಯಿಂದ ಹೊರಹೋಗುವ ಹಣ ಇಬ್ಬರಲ್ಲಿಯೂ ಹೆಚ್ಚಾಯಿತು. ಯಕೃತ್ತಿಗೆ ಲಾಭ, ಅಡುಗೆಮನೆಗೆ ನಷ್ಟ. ಎರಡನೆಯವನ ಮನೆಯಲ್ಲಿ ಆ ನಷ್ಟ ತಿಂಗಳಿಗೆ 288 ರೂಪಾಯಿ. ಅದು ಮಕ್ಕಳ ಹಾಲಿನಿಂದಲೋ, ಮುದಿತಾಯಿಯ ರಕ್ತದೊತ್ತಡದ ಮಾತ್ರೆಯಿಂದಲೋ, ಸ್ವಸಹಾಯ ಸಂಘದ ಕಂತಿನಿಂದಲೋ ಹೋಗಿರುತ್ತದೆ.

ಅರ್ಥಶಾಸ್ತ್ರದ ಪಾಠದಲ್ಲಿ ಕುಟುಂಬವನ್ನು ಒಂದೇ ಗಂಟು, ಒಂದೇ ಮನಸ್ಸು ಎಂದು ಎಣಿಸುವ ರೂಢಿಯಿದೆ. ವಾಸ್ತವದಲ್ಲಿ ಮನೆಯೊಳಗೆ ಗಂಟು ಎರಡು, ಮನಸ್ಸು ಹಲವು. ತೆರಿಗೆಯನ್ನು ಕುಡಿದವನು ಕೊಟ್ಟಂತೆ ತೋರುತ್ತದೆ. ಅನೇಕ ಮನೆಗಳಲ್ಲಿ ಅದನ್ನು ಕೊಟ್ಟವರು ಕುಡಿಯದವರೇ ಆಗಿರುತ್ತಾರೆ. ನಮ್ಮ ಇಡೀ ವಿಚಾರ ಈ ಅಂಶದ ಮೇಲೆ ನಿಂತಿದೆ. ಮದ್ಯದ ತೆರಿಗೆ ಬೇಕು, ಏಕೆಂದರೆ ಅದು ಪ್ರಾಣ ಉಳಿಸುತ್ತದೆ. ಆದರೆ ಹೀಗೆ ಬಂದ ಹೆಚ್ಚುವರಿ ಹಣ ಆ ಮನೆಗಳ ಋಣವೇ ಆಗಿದೆ. ಅದು ಅವರಿಗೇ ಮರಳಬೇಕು. ಮರಳದಿದ್ದರೆ ಚಿಕಿತ್ಸೆ ಅರ್ಧಕ್ಕೆ ನಿಂತಂತೆ.

ಮಾತ್ರೆಯ ನಿರ್ಣಯ

ಔಷಧವು ಫಲಿಸುವುದು ಮಾತ್ರೆಯಿಂದ. ಮದ್ಯದಲ್ಲಿ ಹಾನಿ ಮಾಡುವುದು ಅದರೊಳಗಿನ ಮದ್ಯಸಾರ. ಬಣ್ಣ, ಪರಿಮಳ, ಸೀಸೆಯ ಮೇಲಿನ ಚಿತ್ರಗಳಲ್ಲ. 180 ಮಿಲಿಲೀಟರಿನ ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 61 ಗ್ರಾಂ ಮದ್ಯಸಾರವಿದೆ. ಶೇಕಡಾ 5ರ 650 ಮಿಲಿಲೀಟರಿನ ಬಿಯರ್ ಸೀಸೆಯಲ್ಲಿ ಸುಮಾರು 26 ಗ್ರಾಂ ಇದೆ. ಗಾತ್ರದಲ್ಲಿ ಬಿಯರ್ ದೊಡ್ಡದು, ವಿಷದಲ್ಲಿ ಕ್ವಾರ್ಟರ್ ಎರಡು ಪಟ್ಟಿಗಿಂತ ಹೆಚ್ಚು. ತೆರಿಗೆಯು ಮದ್ಯಸಾರದ ಗ್ರಾಂ ಲೆಕ್ಕದಲ್ಲಿದ್ದರೆ ತೀಕ್ಷ್ಣವಾದುದು ತಾನಾಗಿ ದುಬಾರಿಯಾಗುತ್ತದೆ.

ನಮ್ಮ ರಾಜ್ಯದಲ್ಲಿ ಬಹುಕಾಲ ಹೆಚ್ಚುವರಿ ಅಬಕಾರಿ ಸುಂಕವನ್ನು ತಯಾರಕರು ಘೋಷಿಸಿದ ಬೆಲೆಯ ಹಂತಗಳಿಗೆ ಅನುಗುಣವಾಗಿ ವಿಧಿಸುತ್ತ ಬರಲಾಯಿತು. 2023ರ ಜುಲೈಯಲ್ಲಿ ಅಂತಹ 18 ಹಂತಗಳ ಮೇಲೂ ಸುಂಕವನ್ನು ಶೇಕಡಾ 20ರಷ್ಟು ಏರಿಸಲಾಯಿತು. ಬಿಯರ್ ಮೇಲಿನ ದರವನ್ನು ಶೇಕಡಾ 175ರಿಂದ 185ಕ್ಕೆ ಒಯ್ಯಲಾಯಿತು. ಬೆಲೆಯ ಹಂತದ ಪದ್ಧತಿಯಲ್ಲಿ ಅಗ್ಗದ ಮದ್ಯದ ಮೇಲೆ ತೆರಿಗೆ ಕಡಿಮೆ, ದುಬಾರಿ ಮದ್ಯದ ಮೇಲೆ ಹೆಚ್ಚು. ಬಡವನಿಗೆ ಹೊರೆ ಕಡಿಮೆಯಾಗಲೆಂಬ ಕರುಣೆ ಇದರಲ್ಲಿ ಕಾಣುತ್ತದೆ. ಆದರೆ ದೇಹಕ್ಕೆ ಬಡವ–ಬಲ್ಲಿದರ ಭೇದವಿಲ್ಲ; 61 ಗ್ರಾಂ ಇಬ್ಬರಿಗೂ 61 ಗ್ರಾಮೇ. ಬೆಲೆ ಏರಿದಾಗ ಕುಡಿಯುವವನು ಪ್ರಮಾಣವನ್ನು ಇಳಿಸದೆ ಒಂದು ಹಂತ ಕೆಳಗಿನ ಅಗ್ಗದ ಮದ್ಯಕ್ಕೆ ಇಳಿದುಬಿಡುವ ದಾರಿಯನ್ನೂ ಈ ಪದ್ಧತಿ ತೆರೆದಿಡುತ್ತದೆ. ಮದ್ಯಸಾರದ ಲೆಕ್ಕದ ತೆರಿಗೆ, ಅದಕ್ಕೆ ಜೊತೆಯಾಗಿ ಒಂದು ಕನಿಷ್ಠ ಬೆಲೆ ಇವೆರಡೂ ಸೇರಿದರೆ ಆ ದಾರಿ ಮುಚ್ಚುತ್ತದೆ.

ಮತ್ತೊಂದು ಸೂಕ್ಷ್ಮವಿದೆ. ಕೂಲಿಯೂ ದಿನಸಿಯ ಬೆಲೆಯೂ ವರ್ಷವರ್ಷ ಏರುತ್ತಿರುವಾಗ ತೆರಿಗೆ ನಿಂತಲ್ಲೇ ನಿಂತರೆ ಮದ್ಯ ನಿಜದಲ್ಲಿ ಅಗ್ಗವಾದಂತೆಯೇ ಸರಿ. ಒಂದು ವರ್ಷ ಒಮ್ಮೆಲೆ ಏರಿಸಿ ನಾಲ್ಕು ವರ್ಷ ಮರೆಯುವುದಕ್ಕಿಂತ ವರ್ಷಕ್ಕಿಷ್ಟೆಂದು ಹಣದುಬ್ಬರಕ್ಕೆ ಹೊಂದಿಸಿ ಏರಿಸುವುದು ಲೇಸು.

ಅಪಥ್ಯಗಳು

ಮಾತ್ರೆ ಮೀರಿದ ಔಷಧವೂ ವಿಷವಾಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಪೂರಿತ ಮದ್ಯ ಕುಡಿದು ನೂರಾರು ಜನ ಸತ್ತರು. ನಮ್ಮ ಸರ್ಕಾರವು 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಹಳ್ಳಿಗಳ ಎಷ್ಟೋ ಮಹಿಳೆಯರು ಹಂಬಲಿಸಿದ ಕ್ರಮವದು. ಆದರೆ 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಭಾಗ ಹಾಗೂ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಗಳಲ್ಲಿ ಕಳ್ಳಬಟ್ಟಿಗೆ ನೂರಕ್ಕೂ ಹೆಚ್ಚು ಮಂದಿ ಬಲಿಯಾದರು. 2016ರಿಂದ ಪೂರ್ಣ ಪಾನನಿಷೇಧವಿರುವ ಬಿಹಾರದ ಸಾರಣ್ ಜಿಲ್ಲೆಯಲ್ಲಿಯೂ 2022ರ ಡಿಸೆಂಬರಿನಲ್ಲಿ ಇಂತಹುದೇ ದುರಂತ ನಡೆಯಿತು.

ಇದರ ಕಾರಣ ಮೆಥನಾಲ್. ಕೈಗಾರಿಕೆಗಳಲ್ಲಿ ಬಳಕೆಯಾಗುವ ಈ ದ್ರವವು ಅಗ್ಗ, ನೋಟಕ್ಕೂ ವಾಸನೆಗೂ ಮದ್ಯಸಾರದಂತೆಯೇ ಇರುತ್ತದೆ. ಯಕೃತ್ತಿನಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಮೊದಲು ದೃಷ್ಟಿನರವನ್ನು ಸುಡುತ್ತದೆ, ಬಳಿಕ ಪ್ರಾಣವನ್ನೇ ಹೀರುತ್ತದೆ. ಅಧಿಕೃತ ಮದ್ಯಕ್ಕೂ ಕಳ್ಳಮದ್ಯಕ್ಕೂ ನಡುವಿನ ಬೆಲೆಯ ಅಂತರ ಹಿಗ್ಗಿದಷ್ಟೂ ಕಳ್ಳನ ಲಾಭ ಹಿಗ್ಗುತ್ತದೆ. ಗೋವಾದಂತಹ ನೆರೆರಾಜ್ಯದಲ್ಲಿ ಮದ್ಯ ಅಗ್ಗವಾಗಿದ್ದರೆ ಅದು ಗಡಿ ದಾಟಿ ಬರುತ್ತದೆ. ಹಳ್ಳಿಯ ಗೂಡಂಗಡಿ, ಕಿರಾಣಿ ಅಂಗಡಿಗಳಲ್ಲಿ ಅನುಮತಿಯಿಲ್ಲದೆ ನಡೆಯುವ ಮಾರಾಟವೂ ನಮಗೆ ಹೊಸದೇನಲ್ಲ. ಆದುದರಿಂದ ತೆರಿಗೆಯೊಡನೆ ಕಾವಲೂ ಇರಬೇಕು, ನೆರೆರಾಜ್ಯಗಳೊಡನೆ ಸಮಾಲೋಚನೆಯೂ ಇರಬೇಕು.

ಗುರಿಯ ಗೊಂದಲ

2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ ಮಾನವ ಸೇವನೆಯ ಮದ್ಯವನ್ನು ಅದರಿಂದ ಹೊರಗಿಡಲಾಯಿತು. ಹೀಗಾಗಿ ರಾಜ್ಯಗಳು ತಾವೇ ನಿರ್ಧರಿಸಬಹುದಾದ ಕೆಲವೇ ತೆರಿಗೆಗಳಲ್ಲಿ ಇದು ಮುಖ್ಯವಾದುದಾಯಿತು. ಕರ್ನಾಟಕದ ಆಯವ್ಯಯದಲ್ಲಿ ಅಬಕಾರಿ ಆದಾಯದ ಗುರಿ 2023–24ರಲ್ಲಿ 36,000 ಕೋಟಿ, 2025–26ರಲ್ಲಿ 40,000 ಕೋಟಿ ರೂಪಾಯಿ. ಸಂವಿಧಾನದ 47ನೆಯ ವಿಧಿಯಾದರೋ ಜನರ ಆರೋಗ್ಯವನ್ನು ಹೆಚ್ಚಿಸುವುದು, ಮಾದಕ ಪಾನೀಯಗಳ ಬಳಕೆಯನ್ನು ನಿಲ್ಲಿಸಲು ಯತ್ನಿಸುವುದು ರಾಜ್ಯದ ಕರ್ತವ್ಯವೆನ್ನುತ್ತದೆ. ಒಂದೇ ಇಲಾಖೆಗೆ ಮಾರಾಟದ ಗುರಿಯನ್ನೂ ಸಂಯಮದ ಗುರಿಯನ್ನೂ ಕೊಟ್ಟರೆ ಸಂಖ್ಯೆಯಲ್ಲಿ ಅಳೆಯಬಹುದಾದ ಗುರಿಯೇ ಗೆಲ್ಲುತ್ತದೆ. ರೋಗಿ ಗುಣವಾದರೆ ಆದಾಯ ತಪ್ಪೀತೆಂದು ಅಂಜುವ ವೈದ್ಯನ ಸ್ಥಿತಿ ರಾಜ್ಯಕ್ಕೆ ಬರಬಾರದು. ತೆರಿಗೆಯ ಯಶಸ್ಸನ್ನು ಕೋಟಿಗಳಲ್ಲಿ ಅಳೆಯುವುದರ ಜೊತೆಗೆ, ಮಾರಾಟವಾದ ಶುದ್ಧ ಮದ್ಯಸಾರದ ಲೀಟರುಗಳಲ್ಲಿ, ತಾಲ್ಲೂಕು ಆಸ್ಪತ್ರೆಗೆ ಬಂದ ಯಕೃತ್ ರೋಗಿಗಳ ಸಂಖ್ಯೆಯಲ್ಲಿ, ಕುಡಿದು ಓಡಿಸಿದ ವಾಹನಗಳ ಅಪಘಾತದಲ್ಲಿ ಅಳೆದು ವರ್ಷಕ್ಕೊಮ್ಮೆ ಸದನದ ಮುಂದಿಡಬೇಕು.

ಹಣ ಮರಳಬೇಕಾದ ದಾರಿ

ಹೆಚ್ಚುವರಿ ತೆರಿಗೆಯ ಒಂದು ನಿಶ್ಚಿತ ಪಾಲನ್ನು ಕಾನೂನಿನ ಮೂಲಕ ಮೀಸಲಿಡಬೇಕೆಂಬುದು ನಮ್ಮ ಸಲಹೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆ ಕೆಲವಾದರೂ ಹಾಸಿಗೆ, ತರಬೇತಿ ಪಡೆದ ಆಪ್ತಸಮಾಲೋಚಕರು, ಚಿಕಿತ್ಸೆಯ ದಿನಗಳಲ್ಲಿ ಕುಟುಂಬಕ್ಕೆ ದಿನಸಿ, ಅಂತಹ ಮನೆಗಳ ಮಕ್ಕಳಿಗೆ ವಿದ್ಯಾರ್ಥಿವೇತನ ಇವು ಆ ಹಣದ ಸಹಜ ಹಕ್ಕುದಾರರು.

ತೆರಿಗೆಯೊಂದೇ ಮನಸ್ಸನ್ನು ತಿರುಗಿಸಲಾರದೆಂಬುದೂ ನಿಜ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ‘ಮಹಾಂತ ಜೋಳಿಗೆ’ ಹಿಡಿದು ಮನೆಮನೆಯ ಮುಂದೆ ನಿಂತು ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. 2019ರ ಜನವರಿಯಲ್ಲಿ ಮದ್ಯನಿಷೇಧವನ್ನು ಬೇಡಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಬೆಲೆ ಕೈಯನ್ನು ತಡೆದೀತು; ಮನಸ್ಸನ್ನು ತಡೆಯಲು ಮನುಷ್ಯರೇ ಬೇಕು.

ಮನೆಯವರಿಗೆ ಕೆಲವು ಸೂಚನೆಗಳು

ಬೆಲೆ ಏರಿದಾಗ, ಅಂಗಡಿ ಮುಚ್ಚಿದಾಗ, ಹಣ ತೀರಿದಾಗ ಕೆಲವರು ಒಮ್ಮೆಲೆ ಕುಡಿತ ನಿಲ್ಲಿಸುತ್ತಾರೆ. 2020ರ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಮದ್ಯದಂಗಡಿಗಳು ಮುಚ್ಚಿದ್ದಾಗ ಇದರ ಅಪಾಯ ಎಲ್ಲರ ಗಮನಕ್ಕೆ ಬಂದಿತು. ಆದುದರಿಂದ ಈ ಅಂಶಗಳನ್ನು ನೆನಪಿಡಬೇಕು.

1. ಬಹುಕಾಲ ದಿನವೂ ಕುಡಿದವನು ಥಟ್ಟನೆ ನಿಲ್ಲಿಸಿದರೆ ಮೊದಲ ಮೂರು–ನಾಲ್ಕು ದಿನಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ, ಫಿಟ್ಸ್, ಇಲ್ಲದ್ದನ್ನು ಕಾಣುವ ಭ್ರಮೆ ಉಂಟಾಗಬಹುದು. ಇದು ಹಟವೂ ಅಲ್ಲ, ದೆವ್ವವೂ ಅಲ್ಲ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಆ ಹಂತದಲ್ಲಿ ಕಷಾಯ, ಲೇಹ್ಯಗಳನ್ನು ನಂಬಿ ಮನೆಯಲ್ಲಿರಿಸಿಕೊಳ್ಳಬಾರದು.

2. ‘ತಿಳಿಯದಂತೆ ಊಟದಲ್ಲಿ ಬೆರೆಸಿ’ ಎಂದು ಮಾರುವ ಕುಡಿತ ಬಿಡಿಸುವ ಪುಡಿಗಳನ್ನು ಬಳಸಬಾರದು. ಅವುಗಳಲ್ಲಿ ಮದ್ಯದೊಡನೆ ಸೇರಿ ಪ್ರಾಣಾಪಾಯ ತರುವ ವಸ್ತುಗಳಿರಬಹುದು.

3. ಕುಡಿದ ಬಳಿಕ ಕಣ್ಣು ಮಂಜಾದರೆ, ತೀವ್ರ ಹೊಟ್ಟೆನೋವು ಬಂದರೆ ಕಳ್ಳಮದ್ಯದ ಶಂಕೆಯಿಂದ ಕೂಡಲೇ ಚಿಕಿತ್ಸೆ ಕೊಡಿಸಬೇಕು. ಒಂದೊಂದು ಗಂಟೆಯೂ ದೃಷ್ಟಿಯನ್ನು ಕಸಿಯುತ್ತದೆ.

4. ಚೇತರಿಕೆಯ ದಿನಗಳಲ್ಲಿ ಅಗ್ನಿಬಲವನ್ನು ನೋಡಿ ಗಂಜಿ, ಹೆಸರುಬೇಳೆಯ ತೊವ್ವೆ, ಹಾಲು, ಹಣ್ಣುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಮದಾತ್ಯಯದಲ್ಲಿ ಹಾಲಿನ ಉಪಯೋಗವನ್ನು ಚರಕರೂ ಹೇಳಿದ್ದಾರೆ. ಯಕೃತ್ತಿನ ಸ್ಥಿತಿಯನ್ನರಿತ ವೈದ್ಯರ ಸಲಹೆ ಅವಶ್ಯ.

5. ಉಚಿತ ಸಲಹೆಗೆ ಟೆಲಿ–ಮಾನಸ್ ಸಹಾಯವಾಣಿ 14416, ವ್ಯಸನಮುಕ್ತಿ ಸಹಾಯವಾಣಿ 14446 ಇವೆ. ಕರೆ ಮಾಡಲು ಕುಡಿಯುವವನೇ ಬೇಕೆಂದಿಲ್ಲ, ಮನೆಯವರೂ ಮಾಡಬಹುದು.

ವೈದ್ಯನು ಔಷಧವನ್ನು ಕೊಟ್ಟ ಮೇಲೆ ಅದರ ಪರಿಣಾಮವನ್ನು ಬಂದು ವಿಚಾರಿಸುತ್ತಾನೆ. ಮದ್ಯದ ಮೇಲೆ ತೆರಿಗೆ ಹಾಕುವವರೂ ಹಾಗೆಯೇ ವಿಚಾರಿಸಲಿ: ಸಂಜೆ ಕೂಲಿಯವನು ಮನೆಗೆ ತಂದ ಹಣ ಹೆಚ್ಚಿತೇ, ಒಲೆಯ ಮೇಲಿನ ಪಾತ್ರೆ ತುಂಬಿತೇ, ಮಗು ಶಾಲೆಗೆ ಮರಳಿತೇ? ಇವಕ್ಕೆ ಹೌದೆಂಬ ಉತ್ತರ ದೊರೆತ ದಿನ ಆ ತೆರಿಗೆ ಔಷಧವೆನಿಸಿಕೊಳ್ಳುತ್ತದೆ.